ಮದ್ದೊಂದು, ಹೆಸರು ಹಲವು

ನಮ್ಮ ರಾಮನಗರಕ್ಕೆ ಹೆಸರುಗಳ ಬಡತನವಿಲ್ಲ. ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಎನಿಸಿಕೊಂಡಿದ್ದ ಊರು, ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆಯಾಯಿತು. ಸ್ವಾತಂತ್ರ್ಯ ಬಂದ ಮೇಲೆ ರಾಮನಗರವೆನಿಸಿತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಕೂಡಿ ರಾಮನಗರ ಜಿಲ್ಲೆಯಾದುವು. 2025ರಲ್ಲಿ ರಾಜ್ಯ ಸರಕಾರವು ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೊಸ ಹೆಸರನ್ನಿಟ್ಟಿತು. ಇಷ್ಟೆಲ್ಲ ಹೆಸರುಗಳು ಬಂದು ಹೋದರೂ ಊರಿನ ಸುತ್ತ ನಿಂತಿರುವ ಹೆಬ್ಬಂಡೆಗಳು ಮಾತ್ರ ಅಲ್ಲಾಡಲಿಲ್ಲ. ಸುಮಾರು 250 ಕೋಟಿ ವರ್ಷ ವಯಸ್ಸಿನ ಆ ಕಲ್ಲನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಫಲಕದ ಮೇಲೆ ಯಾವ ಹೆಸರನ್ನು ಬರೆದರೂ ಶಾಸ್ತ್ರಕ್ಕೆ ಒಂದು ನಿಂತ ಹೆಸರು ಬೇಕು. ಇಲ್ಲವಾದರೆ ಒಬ್ಬರು ಹೇಳಿದ ಕಲ್ಲು ಯಾವುದೆಂದು ಇನ್ನೊಬ್ಬರಿಗೆ ತಿಳಿಯುವುದು ಹೇಗೆ?

ಕಲ್ಲಿಗೆ ಎಷ್ಟು ಹೆಸರಿಟ್ಟರೂ ಯಾರಿಗೂ ಹಾನಿಯಿಲ್ಲ. ಹೊಟ್ಟೆಗೆ ಸೇರುವ ಮದ್ದಿನ ವಿಷಯ ಹಾಗಲ್ಲ. ಅದರಲ್ಲಿಯೂ ಅಫೀಮಿನ ವರ್ಗಕ್ಕೆ ಸೇರಿದ ನೋವಿನ ಮದ್ದುಗಳ ವಿಷಯದಲ್ಲಿ, ಹೆಸರು ತಿಳಿಯದಿರುವುದರಿಂದ ಎರಡು ಬಗೆಯ ಅನಾಹುತಗಳು ಆಗುತ್ತಿವೆ. ಬೇಡದವರ ಹೊಟ್ಟೆಗೆ ಅದು ಅರಿವಿಲ್ಲದೆ ಸೇರುತ್ತದೆ. ನಿಜವಾಗಿ ಬೇಕಾದವರು ಅದರ ಹೆಸರು ಕೇಳಿಯೇ ಬೆದರಿ ನರಳುತ್ತಾರೆ. ಈ ಎರಡಕ್ಕೂ ಮೊದಲ ಮದ್ದು ಒಂದೇ: ಮಾತ್ರೆಯ ನಿಜವಾದ ಹೆಸರನ್ನು, ನಮ್ಮ ಭಾಷೆಯಲ್ಲಿ, ನಮ್ಮ ಮನೆಯವರಿಗೆ ತಿಳಿಸುವುದು. ಇದೇ ಈ ಲೇಖನದ ವಾದ.

'ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಔಷಧಶಾಸ್ತ್ರದ ಗೊಡವೆಯೇಕೆ?' ಎಂದು ಅಧ್ಯಾಪಕರು ಯಾರಾದರೂ ನಗಬಹುದು. ಔಷಧವನ್ನು ತಯಾರಿಸುವುದು ರಸಾಯನಶಾಸ್ತ್ರಕ್ಕೆ ಸೇರಿದ ಕೆಲಸ, ಅದನ್ನು ಕೊಡುವುದು ವೈದ್ಯರ ಕೆಲಸ, ಅದರಲ್ಲಿ ಸಂದೇಹವಿಲ್ಲ. ಆದರೆ ಹೆಸರು ಭಾಷೆಗೆ ಸೇರಿದ ವಸ್ತು. ಪದಕ್ಕೂ ಪದಾರ್ಥಕ್ಕೂ ಇರುವ ಸಂಬಂಧವನ್ನು ತರಗತಿಯಲ್ಲಿ ಗಂಟೆಗಟ್ಟಲೆ ಚರ್ಚಿಸುವ ನಾವು, ಅಜ್ಜಿಯ ತಲೆದಿಂಬಿನ ಕೆಳಗಿರುವ ಮಾತ್ರೆಯ ಶೀಟಿನ ಮೇಲೆ ಬರೆದುದನ್ನು ಓದಲಾರೆವಾದರೆ ಆ ಚರ್ಚೆಯಿಂದ ಬಂದ ಫಲವೇನು?

ಪ್ರತಿಯೊಂದು ಔಷಧಕ್ಕೂ ಎರಡು ಹೆಸರುಗಳುಂಟು. ಒಂದು, ಅದರೊಳಗಿನ ವಸ್ತುವಿನ ಹೆಸರು. ಇದನ್ನು ಜನರಿಕ್ ಹೆಸರು ಎನ್ನುತ್ತಾರೆ. ನಾವು ಮೂಲನಾಮ ಎನ್ನೋಣ. ಎರಡನೆಯದು, ತಯಾರಿಸಿದ ಕಂಪೆನಿಯು ತನ್ನ ಸರಕಿಗೆ ಇಟ್ಟುಕೊಂಡ ಬ್ರಾಂಡ್ ಹೆಸರು. ಇದನ್ನು ವ್ಯಾಪಾರನಾಮ ಎನ್ನಬಹುದು. ಮೂಲನಾಮ ಲೋಕಕ್ಕೆಲ್ಲ ಒಂದೇ ಇರಲೆಂದು ವಿಶ್ವ ಆರೋಗ್ಯ ಸಂಸ್ಥೆಯು 1950ರಲ್ಲಿ ನಿರ್ಣಯ ಮಾಡಿ, 1953ರಲ್ಲಿ ಮೊದಲ ಪಟ್ಟಿಯನ್ನು ಪ್ರಕಟಿಸಿತು. ಆ ಹೆಸರು ಯಾರ ಸ್ವತ್ತೂ ಅಲ್ಲ. ವ್ಯಾಪಾರನಾಮವಾದರೋ ಕಂಪೆನಿಯ ಸ್ವತ್ತು. ಒಂದೇ ವಸ್ತುವಿಗೆ ಹತ್ತು ಕಂಪೆನಿಗಳು ಹತ್ತು ಹೆಸರಿಡಬಹುದು.

ಚನ್ನಪಟ್ಟಣದವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹಾಲೆ ಮರದ ತುಂಡನ್ನು ಲೇತಿಗೆ ಕೊಟ್ಟು ಬೊಂಬೆ ಕಡೆಯುತ್ತಾರೆ. ಒಂದಕ್ಕೆ ಕೆಂಪು ಅರಗು, ಇನ್ನೊಂದಕ್ಕೆ ಹಸಿರು, ಮತ್ತೊಂದಕ್ಕೆ ಹಳದಿ. ಕೊಳ್ಳುವ ಮಗು ಬಣ್ಣ ನೋಡುತ್ತದೆ. ಕಡೆದವನು ಮರವನ್ನು ಬಲ್ಲ. ಔಷಧದಂಗಡಿಯಲ್ಲಿ ನಾವೆಲ್ಲರೂ ಬಣ್ಣ ನೋಡುವ ಮಕ್ಕಳೇ. 'ಅಣ್ಣ, ಆ ಹಸಿರು ಶೀಟಿನದು ಕೊಡಣ್ಣ' ಎಂದು ಕೇಳುವವರು ಎಷ್ಟು ಜನ ಬೇಕು! ಕ್ರೋಸಿನ್, ಕಾಲ್ಪಾಲ್, ಡೋಲೋ ಈ ಮೂರೂ ಪ್ಯಾರಸಿಟಮಾಲ್ ಎಂಬ ಒಂದೇ ವಸ್ತು ಎಂಬುದು ಓದಿದವರಿಗೇ ಒಮ್ಮೊಮ್ಮೆ ಹೊಸ ಸುದ್ದಿಯಾಗುತ್ತದೆ. 'ಕ್ರೋಸಿನ್‌ಗೆ ಜ್ವರ ಬಿಡಲಿಲ್ಲ, ಡೋಲೋ ತಗೊಂಡೆ' ಎಂಬ ಮಾತನ್ನು ನಾವು ದಿನವೂ ಕೇಳುತ್ತೇವೆ. ದೇವನೊಬ್ಬ ನಾಮ ಹಲವು ಎಂಬುದು ಭಕ್ತರಿಗೆ ಒಪ್ಪುವ ಮಾತು. ರೋಗಿಗಳು ಆ ನಾಮಗಳನ್ನೆಲ್ಲ ಒಟ್ಟಿಗೆ ನುಂಗಿದರೆ ಕಷ್ಟ.

ಇನ್ನು ಅಫೀಮಿನ ವರ್ಗಕ್ಕೆ ಬರೋಣ. ಹಬ್ಬದ ದಿನ ಪಾಯಸ ಮಾಡುವ ಗಸಗಸೆ ನಮಗೆ ಗೊತ್ತು. ಆ ಗಿಡದ ಹಸಿಕಾಯನ್ನು ಗೀರಿದಾಗ ಒಸರುವ ಹಾಲು ಒಣಗಿ ಅಫೀಮಾಗುತ್ತದೆ. 19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಜರ್ಮನಿಯ ಸೆರ್ಟ್ಯುರ್ನರ್ ಎಂಬ ತರುಣ ಔಷಧ ತಯಾರಕನು ಅಫೀಮಿನಿಂದ ಅದರ ಸತ್ವವನ್ನು ಬೇರ್ಪಡಿಸಿದನು. ಗ್ರೀಕರ ಸ್ವಪ್ನದೇವತೆ ಮಾರ್ಫಿಯಸ್‌ನಿಂದ ಅದಕ್ಕೆ ಮಾರ್ಫಿನ್ ಎಂಬ ಹೆಸರು ಬಂತು. 1832ರಲ್ಲಿ ಫ್ರಾನ್ಸಿನ ರೊಬಿಕೆ ಅದೇ ಅಫೀಮಿನಲ್ಲಿ ಕೊಡೀನನ್ನು ಕಂಡನು. ಇವೆರಡು ಗಿಡದಿಂದಲೇ ಬಂದವು. ಮುಂದೆ ಅಫೀಮಿನ ಸತ್ವಗಳನ್ನು ತಿದ್ದಿ ಆಕ್ಸಿಕೊಡೋನ್, ಬ್ಯುಪ್ರಿನಾರ್ಫಿನ್ ಮುಂತಾದುವನ್ನು ಮಾಡಿದರು. ಗಿಡದ ಹಂಗೇ ಇಲ್ಲದೆ ಪ್ರಯೋಗಶಾಲೆಯಲ್ಲಿ ಹುಟ್ಟಿದವು ಪೆಥಿಡೀನ್, ಮೆಥಡೋನ್, ಫೆಂಟನಿಲ್, ಟ್ರಮಡಾಲ್, ಟ್ಯಾಪೆಂಟಡಾಲ್. ಹುಟ್ಟು ಬೇರೆಯಾದರೂ ಇವೆಲ್ಲದರ ಗುಣದಲ್ಲಿ ಒಂದು ಸಾಮ್ಯವಿದೆ. ಮಿದುಳು ಮತ್ತು ಬೆನ್ನುಹುರಿಗಳಲ್ಲಿ ನೋವಿನ ಸುದ್ದಿ ಸಾಗುವ ದಾರಿಯಲ್ಲಿ ಕೆಲವು ಗ್ರಾಹಕಗಳಿವೆ. ಈ ಮದ್ದುಗಳು ಬೀಗಕ್ಕೆ ಕೀಲಿಕೈ ಹೊಂದುವಂತೆ ಅಲ್ಲಿ ಹೊಂದಿಕೊಂಡು, ನೋವನ್ನು ಮಂಕುಮಾಡುತ್ತವೆ. ಜೊತೆಗೇ ನಿದ್ದೆ, ಮಲಬದ್ಧತೆ, ವಾಕರಿಕೆ ತರುತ್ತವೆ. ಅಳತೆ ಮೀರಿದರೆ ಉಸಿರಾಟವನ್ನೇ ಕುಗ್ಗಿಸುತ್ತವೆ. ಬಹುಕಾಲ ತೆಗೆದುಕೊಂಡರೆ ದೇಹ ಅವುಗಳಿಗೆ ಒಗ್ಗಿಕೊಂಡು ಬಿಡಲಾರದಾಗುತ್ತದೆ.

ಈ ಕುಲದ ಚರಿತ್ರೆಯಲ್ಲಿಯೇ ಹೆಸರು ಮಾಡುವ ಮೋಸಕ್ಕೆ ದೊಡ್ಡ ನಿದರ್ಶನವಿದೆ. ಮಾರ್ಫಿನ್ನಿನಿಂದ ಮಾಡಿದ ಡೈಅಸಿಟೈಲ್ ಮಾರ್ಫಿನ್ ಎಂಬ ವಸ್ತುವನ್ನು 1898ರಲ್ಲಿ ಜರ್ಮನಿಯ ಬಾಯರ್ ಕಂಪೆನಿ ಕೆಮ್ಮಿನ ಮದ್ದೆಂದು ಮಾರುಕಟ್ಟೆಗೆ ತಂದಿತು. ಅದರ ವ್ಯಾಪಾರನಾಮ ಹೆರಾಯಿನ್! ಇಂದು ಆ ಹೆಸರು ಪೊಲೀಸ್ ವರದಿಗಳಲ್ಲಿ ಮಾತ್ರ ಕಾಣುತ್ತದೆ. ಅಂದು ಅದು ಮರ್ಯಾದಸ್ಥ ಅಂಗಡಿಗಳ ಕಪಾಟಿನಲ್ಲಿತ್ತು. 'ಇದು ಮಾರ್ಫಿನ್ನಿನ ಮಗು' ಎಂದು ಸೀಸೆಯ ಮೇಲಿನ ಹೊಸ ಹೆಸರು ಹೇಳುತ್ತಿರಲಿಲ್ಲ.

ಅಮೆರಿಕದಲ್ಲಿ ಇದೇ ಕಥೆ ಮತ್ತೊಮ್ಮೆ ನಡೆಯಿತು. ಆಕ್ಸಿಕೊಡೋನ್ 1916ರಿಂದ ಲೋಕಕ್ಕೆ ತಿಳಿದಿದ್ದ ವಸ್ತು. 1996ರಲ್ಲಿ ಪರ್ಡ್ಯೂ ಕಂಪೆನಿಯು ಅದನ್ನು ನಿಧಾನವಾಗಿ ಕರಗುವ ಮಾತ್ರೆಯಾಗಿ ಮಾಡಿ, ಆಕ್ಸಿಕಾಂಟಿನ್ ಎಂದು ಹೆಸರಿಟ್ಟು, ಇದಕ್ಕೆ ಚಟ ಹತ್ತುವ ಅಪಾಯ ಕಡಿಮೆಯೆಂದು ಸಾರಿತು. 2007ರಲ್ಲಿ ಆ ಕಂಪೆನಿಯ ಅಂಗಸಂಸ್ಥೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಹೊರಿಸಿದ್ದ ಅಪರಾಧವೇನು ಗೊತ್ತೆ? ಸುಳ್ಳು ಹೇಳಿಕೆಯೊಡನೆ ಮದ್ದನ್ನು ಮಾರಿದ್ದು. ಅಲ್ಲಿಯ ಕಾಯಿದೆಯ ಮಾತಿನಲ್ಲಿ 'ಮಿಸ್‌ಬ್ರಾಂಡಿಂಗ್'. ಹಳೆಯ ವಸ್ತು ಹೊಸ ಹೆಸರಿನ ಮರೆಯಲ್ಲಿ ಬಂದಾಗ ವೈದ್ಯರೇ ಮೈಮರೆತರೆಂದ ಮೇಲೆ ರೋಗಿಗಳ ಪಾಡೇನು?

ಅಮೆರಿಕ ದೂರವಾಯಿತು, ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. ಇಲ್ಲಿ ಮೈಮುರಿದು ದುಡಿಯುವವರೇ ಹೆಚ್ಚು. ರಾಮನಗರದಲ್ಲಿ ಬಿಸಿನೀರಿನಲ್ಲಿ ಕೈಯದ್ದಿ ಗೂಡಿನಿಂದ ನೂಲು ಬಿಚ್ಚುವವರು, ಚನ್ನಪಟ್ಟಣದಲ್ಲಿ ದಿನವೆಲ್ಲ ಲೇತಿನ ಮುಂದೆ ಬಾಗಿ ಕೂರುವವರು, ಕನಕಪುರದ ಕಲ್ಲುಗಣಿಗಳಲ್ಲಿ ಸುತ್ತಿಗೆ ಹಿಡಿದವರು, ಮಾಗಡಿಯ ಹೊಲಗಳಲ್ಲಿ ರಾಗಿ ಕೊಯ್ಯುವವರು — ಇವರಿಗೆಲ್ಲ ಸೊಂಟನೋವು, ಮಂಡಿನೋವುಗಳು ನೆಂಟರಿದ್ದಂತೆ. ಬಂದರೆ ಬೇಗ ಹೋಗುವುದಿಲ್ಲ. ಇಂತಹವರು ಊರಿನ ಒಬ್ಬ ವೈದ್ಯರ ಬಳಿ ಸೊಂಟಕ್ಕೆ, ಪಟ್ಟಣದ ಇನ್ನೊಬ್ಬರ ಬಳಿ ಮಂಡಿಗೆ ಔಷಧ ಬರೆಸಿಕೊಳ್ಳುವುದು ಅಪರೂಪವಲ್ಲ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಮೊದಲ ಚೀಟಿಯಲ್ಲಿ ಅಲ್ಟ್ರಾಸೆಟ್ ಎಂದಿದೆ. ಅದರ ಒಂದು ಮಾತ್ರೆಯಲ್ಲಿ ಇರುವುದು ಟ್ರಮಡಾಲ್ 37.5 ಮಿಲಿಗ್ರಾಂ ಮತ್ತು ಪ್ಯಾರಸಿಟಮಾಲ್ 325 ಮಿಲಿಗ್ರಾಂ. ಎರಡನೆಯ ಚೀಟಿಯಲ್ಲಿ ಟ್ರಾಮಜಾಕ್ ಎಂದಿದೆ, ಅದೂ ಟ್ರಮಡಾಲೇ. ಹೆಸರು ಬೇರೆಯಾದುದರಿಂದ ರೋಗಿ ಎರಡನ್ನೂ ತೆಗೆದುಕೊಳ್ಳುತ್ತಾನೆ. ಒಂದೇ ಅಫೀಮಿನ ವರ್ಗದ ಮದ್ದು ಎರಡು ಬಾಗಿಲಿನಿಂದ ಒಳಗೆ ಬಂದಂತಾಯಿತು. ಟ್ರಮಡಾಲ್ ಹೆಚ್ಚಾದರೆ ತಲೆಸುತ್ತು, ಮಂಪರುಗಳಷ್ಟೇ ಅಲ್ಲ, ಫಿಟ್ಸ್ ಬರುವುದೂ ಉಂಟು. ಮನೋವ್ಯಾಕುಲತೆಗೆ ಕೊಡುವ ಕೆಲವು ಮಾತ್ರೆಗಳೊಡನೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ಇತ್ತ ಪ್ಯಾರಸಿಟಮಾಲ್ ಲೆಕ್ಕವನ್ನೂ ನೋಡಿ. ದಿನಕ್ಕೆ ಮೂರು ಅಲ್ಟ್ರಾಸೆಟ್ ಎಂದರೆ 975 ಮಿಲಿಗ್ರಾಂ. ಮೈಕೈ ನೋವೆಂದು ತಾನೇ ನಾಲ್ಕು ಡೋಲೋ 650 ನುಂಗಿದರೆ 2,600. ಒಟ್ಟು 3,575. ಜೊತೆಗೆ ನೆಗಡಿಗೆಂದು 500 ಮಿಲಿಗ್ರಾಂ ಪ್ಯಾರಸಿಟಮಾಲ್ ಸೇರಿದ ಮಾತ್ರೆ ಎರಡು ಆದರೆ 4,575. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4,000 ಮೀರಬಾರದೆಂಬುದು ನಿಯಮ. ಮೀರಿದರೆ ಯಕೃತ್ತಿಗೆ ಕೇಡು. ಇಲ್ಲಿ ಯಾರೂ ದುರಾಶೆಯಿಂದ ನುಂಗಲಿಲ್ಲ, ಯಾವ ವೈದ್ಯರೂ ತಪ್ಪಾಗಿ ಬರೆಯಲಿಲ್ಲ. ಮೂರು ಹೆಸರುಗಳ ಹಿಂದೆ ಒಂದೇ ವಸ್ತುವಿದೆಯೆಂದು ಯಾರೂ ಹೇಳಲಿಲ್ಲ, ಅಷ್ಟೆ.

ಇದರ ತಿರುಗುಮುರುಗೂ ಉಂಟು: ಹೆಸರು ಒಂದೇ, ವಸ್ತು ಬೇರೆ. ಸ್ಪಾಸ್ಮೊ ಪ್ರಾಕ್ಸಿವಾನ್ ಎಂಬ ನೀಲಿ ಕ್ಯಾಪ್ಸೂಲನ್ನು ಹೊಟ್ಟೆನೋವಿಗೆಂದು ನುಂಗಿದ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಅದರಲ್ಲಿದ್ದುದು ಡೆಕ್ಸ್‌ಟ್ರೊಪ್ರಾಪಾಕ್ಸಿಫೀನ್ ಎಂಬ ಅಫೀಮಿನ ವರ್ಗದ ಮದ್ದು. ಹೃದಯಕ್ಕೆ ಅಪಾಯವೆಂಬ ಕಾರಣದಿಂದ ಹಲವು ದೇಶಗಳು ಅದನ್ನು ಕೈಬಿಟ್ಟವು. 2013ರಲ್ಲಿ ನಮ್ಮ ಕೇಂದ್ರ ಸರಕಾರವೂ ಅದನ್ನು ತಡೆಯಿತು. ಆದರೆ ಸ್ಪಾಸ್ಮೊ ಪ್ರಾಕ್ಸಿವಾನ್ ಪ್ಲಸ್ ಎಂಬ ಹೆಸರಿನ ಕ್ಯಾಪ್ಸೂಲಿನಲ್ಲಿ ಅದರ ಬದಲು ಟ್ರಮಡಾಲ್ ಇದೆ. ಕೊರೆಕ್ಸ್ ಎಂಬ ಕೆಮ್ಮಿನ ಸಿರಪ್ಪಿನಲ್ಲಿ ಕೊಡೀನ್ ಇತ್ತು. ಕೊರೆಕ್ಸ್ ಡಿಎಕ್ಸ್ ಎಂಬುದರಲ್ಲಿ ಕೊಡೀನ್ ಇಲ್ಲ, ಡೆಕ್ಸ್‌ಟ್ರೊಮೆಥಾರ್ಫಾನ್ ಇದೆ. ಹೆಸರಿನ ಬಾಲದಲ್ಲಿ ಎರಡಕ್ಷರ ಬದಲಾದುದನ್ನು ಯಾರು ಗಮನಿಸುತ್ತಾರೆ? ವ್ಯಾಪಾರನಾಮವನ್ನು ನಂಬಿದವನು ಹಳೆಯ ವಿಳಾಸಕ್ಕೆ ಕಾಗದ ಬರೆದವನಂತೆ. ಮನೆ ಅದೇ ಇರಬಹುದು, ಒಳಗಿರುವವರು ಬೇರೆ.

ಮೂರನೆಯದು ಅಂಕಿಗಳ ಮೋಸ. '50 ಎಂದರೆ ಹೆಚ್ಚು ಪವರು, 10 ಎಂದರೆ ಕಡಿಮೆ' ಎಂದು ಜನ ಭಾವಿಸುತ್ತಾರೆ. ಬಾಯಿಂದ ತೆಗೆದುಕೊಳ್ಳುವ ಟ್ರಮಡಾಲ್ 50 ಮಿಲಿಗ್ರಾಂಗೆ ಇರುವ ಬಲ, ಸ್ಥೂಲವಾಗಿ ಹೇಳಿದರೆ, ಮಾರ್ಫಿನ್ 5 ಮಿಲಿಗ್ರಾಂನಷ್ಟು. ಫೆಂಟನಿಲ್ಲಾದರೋ ಮಾರ್ಫಿನ್ನಿಗಿಂತ 50ರಿಂದ 100 ಪಟ್ಟು ಬಲವುಳ್ಳದ್ದು; ಚರ್ಮಕ್ಕೆ ಅಂಟಿಸುವ ಅದರ ಪಟ್ಟಿಗಳನ್ನು ಮಿಲಿಗ್ರಾಂನಲ್ಲಿ ಅಲ್ಲ, ಅದರ ಸಾವಿರದ ಒಂದು ಪಾಲಾದ ಮೈಕ್ರೊಗ್ರಾಂನಲ್ಲಿ ಅಳೆಯುತ್ತಾರೆ. ಮೂಲನಾಮ ತಿಳಿಯದೆ ಅಂಕಿಯನ್ನು ಮಾತ್ರ ಓದುವುದೆಂದರೆ, ರಾಗಿಯೋ ಬಂಗಾರವೋ ತಿಳಿಯದೆ ತೂಕ ಕೇಳಿದಂತೆ.

ಮೂಲನಾಮಗಳನ್ನು ಕಲಿಯುವುದು ಕಷ್ಟವೆಂದು ಹೆದರಬೇಕಾದುದಿಲ್ಲ. ನಮ್ಮ ವ್ಯಾಕರಣದ ಪ್ರತ್ಯಯಗಳಂತೆ ಅವುಗಳಿಗೂ ಬಾಲಗಳಿವೆ. ಟ್ರಮಡಾಲ್, ಟ್ಯಾಪೆಂಟಡಾಲ್ ಇವುಗಳ ಕೊನೆಯ 'ಅಡಾಲ್' ನೋವುನಿವಾರಕವೆಂಬುದರ ಗುರುತು. 'ಫೆಂಟನಿಲ್' ಎಂದು ಮುಗಿಯುವುದೆಲ್ಲ ಫೆಂಟನಿಲ್ಲಿನ ಮನೆತನ. 'ಆರ್ಫಿನ್' ಎಂಬುದರಲ್ಲಿ ಮಾರ್ಫಿನ್ನಿನ ನೆರಳಿದೆ. ಆದರೆ ಈ ಸೂತ್ರಗಳು ಮೂಲನಾಮಕ್ಕೆ ಮಾತ್ರ ಸಲ್ಲುತ್ತವೆ. ಪ್ಯಾನಡಾಲ್ ಎಂಬ ವ್ಯಾಪಾರನಾಮಕ್ಕೂ 'ಅಡಾಲ್' ಬಾಲವಿದೆ. ಅದರೊಳಗೆ ಇರುವುದು ಬರಿಯ ಪ್ಯಾರಸಿಟಮಾಲ್. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ವ್ಯಾಪಾರನಾಮಗಳಿಗೆ ಚೆನ್ನಾಗಿ ಒಪ್ಪುತ್ತದೆ.

ಇಷ್ಟು ಹೊತ್ತು ಅಪಾಯದ ಮಾತಾಯಿತು. ಇನ್ನೊಂದು ಮುಖವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮಾರ್ಫಿನ್ ಎಂದರೆ ವಿಷ, ಚಟ, ಸಾವು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಿಶ್ವ ಆರೋಗ್ಯ ಸಂಸ್ಥೆಯು 1977ರಲ್ಲಿ ಪ್ರಕಟಿಸಿದ ಅತ್ಯಾವಶ್ಯಕ ಔಷಧಗಳ ಮೊದಲ ಪಟ್ಟಿಯಲ್ಲಿಯೇ ಮಾರ್ಫಿನ್ ಇದೆ. 1986ರಲ್ಲಿ ಅದೇ ಸಂಸ್ಥೆಯು ಕ್ಯಾನ್ಸರಿನ ನೋವಿಗೆ ಮೂರು ಮೆಟ್ಟಿಲುಗಳ ಕ್ರಮವನ್ನು ತಿಳಿಸಿತು: ಮೊದಲು ಪ್ಯಾರಸಿಟಮಾಲ್‌ನಂತಹವು, ಅದಕ್ಕೆ ಬಗ್ಗದಿದ್ದರೆ ಕೊಡೀನ್‌ನಂತಹ ಸೌಮ್ಯವಾದವು, ಅದಕ್ಕೂ ಬಗ್ಗದಿದ್ದರೆ ಮಾರ್ಫಿನ್. ಗಸಗಸೆಯನ್ನು ಸರಕಾರದ ಪರವಾನಗಿಯ ಮೇಲೆ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಬೆಳೆಯುತ್ತಾರೆ. ಗಾಜೀಪುರದ ಅಫೀಮು ಕಾರ್ಖಾನೆ 1820ರಷ್ಟು ಹಳೆಯದು. ಲೋಕಕ್ಕೆಲ್ಲ ಔಷಧದ ಅಫೀಮನ್ನು ಒದಗಿಸಿದ ದೇಶದಲ್ಲಿಯೇ ಕ್ಯಾನ್ಸರ್ ರೋಗಿ ಮಾರ್ಫಿನ್ ಇಲ್ಲದೆ ಒದ್ದಾಡುವುದೆಂದರೆ, ಕೆರೆಯ ಏರಿಯ ಮೇಲೆ ನಿಂತು ಬಾಯಾರಿದಂತೆ.

ಇದಕ್ಕೆ ಕಾರಣ ಬರಿಯ ಬಡತನವಲ್ಲ. ಮಾದಕ ವಸ್ತುಗಳನ್ನು ಹತ್ತಿಕ್ಕಲು 1985ರಲ್ಲಿ ಬಂದ ಎನ್‌ಡಿಪಿಎಸ್ ಕಾಯಿದೆಯು ಕಳ್ಳಸಾಗಣೆದಾರನಿಗೂ ಆಸ್ಪತ್ರೆಗೂ ಒಂದೇ ಭಯವನ್ನು ಹುಟ್ಟಿಸಿತು. ಹಲವು ಪರವಾನಗಿಗಳ ಜಂಜಾಟಕ್ಕೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೊಡೋನ್, ಕೊಡೀನ್, ಹೈಡ್ರೊಕೊಡೋನ್ ಎಂಬ ಆರು ಮದ್ದುಗಳನ್ನು ಅತ್ಯಾವಶ್ಯಕವೆಂದು ಗುರುತಿಸಲು ದಾರಿಯಾಯಿತು. ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಕಟ್ಟಳೆ ಸರಳವಾಯಿತು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ನಮ್ಮ ತಾಲ್ಲೂಕುಗಳ ರೋಗಿಗಳು ಬಸ್ಸು ಹತ್ತಿ ಹೋಗುತ್ತಾರೆ. 1999ರಲ್ಲಿ ಬಾಗಿಲು ತೆರೆದ ಕರುಣಾಶ್ರಯದಲ್ಲಿ ಗುಣವಾಗದ ಹಂತ ಮುಟ್ಟಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಕಾಯಿದೆಯ ಬಾಗಿಲು ತೆರೆಯಿತು. ಆದರೆ ಮನಸ್ಸಿನ ಬಾಗಿಲು? 'ಮಾರ್ಫಿನ್ ಬರೆದಿದ್ದಾರೆ, ಇನ್ನು ಮುಗಿಯಿತು' ಎಂದು ಮನೆಯವರು ಮಾತ್ರೆಯನ್ನು ಬೀರುವಿನಲ್ಲಿ ಮುಚ್ಚಿಡುವುದುಂಟು. ವೈದ್ಯರು ಅಳೆದು, ಹೊತ್ತು ನಿಗದಿಮಾಡಿ ಕೊಟ್ಟ ಮಾರ್ಫಿನ್ ಸಾವನ್ನು ಕರೆಯುವುದಿಲ್ಲ. ಉಳಿದ ದಿನಗಳಲ್ಲಿ ನಾಲ್ಕು ಮಾತಾಡಲು, ಎರಡು ತುತ್ತು ಉಣ್ಣಲು, ಒಂದು ರಾತ್ರಿ ಮಲಗಲು ಅವಕಾಶ ಕೊಡುತ್ತದೆ.

ನೋಡಿ, ಎಂತಹ ವಿಪರ್ಯಾಸ! ಅದೇ ಕುಲದ ಟ್ರಮಡಾಲನ್ನು 'ಸೊಂಟದ ಮಾತ್ರೆ' ಎಂದು ನಿಶ್ಚಿಂತೆಯಿಂದ ನುಂಗುವ ಮನೆಯಲ್ಲಿಯೇ ಮಾರ್ಫಿನ್ ಎಂದರೆ ನಡುಕ. ಒಂದರ ಕುಲ ಗೊತ್ತಿಲ್ಲದುದರಿಂದ ಭಯವಿಲ್ಲ. ಇನ್ನೊಂದರ ಹೆಸರು ಮಾತ್ರ ಗೊತ್ತಿರುವುದರಿಂದ ಭಯವೇ ಎಲ್ಲ. ಎರಡೂ ಕಡೆ ಕೊರತೆ ಒಂದೇ, ತಿಳಿವಳಿಕೆಯದು.

ಸರಕಾರ ಕೈಕಟ್ಟಿ ಕುಳಿತಿಲ್ಲವೆಂಬುದನ್ನೂ ಒಪ್ಪಬೇಕು. 2013ರಲ್ಲಿ ಹೊರಡಿಸಿದ ಎಚ್1 ಎಂಬ ಅನುಸೂಚಿಯಲ್ಲಿ ಟ್ರಮಡಾಲ್, ಕೊಡೀನ್, ಪೆಂಟಜೋಸಿನ್, ಬ್ಯುಪ್ರಿನಾರ್ಫಿನ್‌ಗಳು ಸೇರಿವೆ. ಇವನ್ನು ಮಾರುವಾಗ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣಗಳನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. 2018ರ ಏಪ್ರಿಲಿನಲ್ಲಿ ಟ್ರಮಡಾಲ್ ಎನ್‌ಡಿಪಿಎಸ್ ಕಾಯಿದೆಯ ವ್ಯಾಪ್ತಿಗೂ ಬಂತು. ಆ ಕಾಯಿದೆಗೆ ಒಳಪಟ್ಟ ಮದ್ದಿನ ಶೀಟಿನ ಮೇಲೆ ಎಡಮೂಲೆಯಲ್ಲಿ ಎನ್‌ಆರ್‌ಎಕ್ಸ್ ಎಂಬ ಕೆಂಪು ಗುರುತಿರಬೇಕು. ಮೂಲನಾಮವನ್ನು ವ್ಯಾಪಾರನಾಮಕ್ಕಿಂತ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕೆಂದು 2018ರಲ್ಲಿ ನಿಯಮವಾಯಿತು. ಆದರೆ ಮೂರು ಅಥವಾ ಹೆಚ್ಚು ಔಷಧ ಬೆರೆತವಕ್ಕೆ ವಿನಾಯಿತಿ ಕೊಟ್ಟರು. ಎಲ್ಲಿ ಗೊಂದಲ ಹೆಚ್ಚೋ ಅಲ್ಲಿಯೇ ವಿನಾಯಿತಿ! ಎಲ್ಲಕ್ಕಿಂತ ಮಿಗಿಲಾಗಿ, ಆ ದೊಡ್ಡ ಅಕ್ಷರ ಇಂಗ್ಲಿಷಿನದು. ಕನ್ನಡವನ್ನಷ್ಟೇ ಓದಬಲ್ಲ ತಾಯಿಗೆ ಅಕ್ಷರ ದೊಡ್ಡದಾದರೇನು, ಚಿಕ್ಕದಾದರೇನು?

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಪರಿಶೀಲಿಸೋಣ. ಮೊದಲನೆಯದು ವೈದ್ಯರದು. ಔಷಧದ ಹೆಸರನ್ನು ಮೂಲನಾಮದಲ್ಲಿ, ಸ್ಪಷ್ಟವಾದ ಅಕ್ಷರದಲ್ಲಿ ಬರೆಯಬೇಕೆಂದು ವೈದ್ಯಕೀಯ ಪರಿಷತ್ತು 2016ರಲ್ಲಿ ಹೇಳಿತ್ತು. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇನ್ನೂ ಬಿಗಿಯಾದ ನಿಯಮವನ್ನು ತಂದಾಗ ವೈದ್ಯರ ಸಂಘಗಳು ವಿರೋಧಿಸಿದುವು. ಅದೇ ತಿಂಗಳು ಆ ನಿಯಮವನ್ನು ತಡೆಹಿಡಿಯಲಾಯಿತು. 'ಎಲ್ಲ ಕಂಪೆನಿಗಳ ಗುಣಮಟ್ಟ ಒಂದೇ ಅಲ್ಲ. ಮೂಲನಾಮ ಬರೆದರೆ ಯಾವ ಕಂಪೆನಿಯದನ್ನು ಕೊಡಬೇಕೆಂಬ ಅಧಿಕಾರ ಅಂಗಡಿಯವನಿಗೆ ಹೋಗುತ್ತದೆ' ಎಂಬುದು ಅವರ ವಾದ. ಇದರಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಆದರೆ ಯಾವ ಕಂಪೆನಿಯದನ್ನು ಕೊಳ್ಳಬೇಕೆಂಬ ಪ್ರಶ್ನೆ ಬೇರೆ, ಏನನ್ನು ನುಂಗುತ್ತಿದ್ದೇವೆಂಬ ಪ್ರಶ್ನೆ ಬೇರೆ. ವ್ಯಾಪಾರನಾಮವನ್ನು ಬರೆಯಲಿ, ಅದರ ಪಕ್ಕದಲ್ಲಿ ಮೂಲನಾಮವನ್ನೂ ಬರೆಯಲಿ. ಬೊಂಬೆಯ ಬಣ್ಣ ಇರಲಿ. ಮರ ಯಾವುದೆಂದೂ ಹೇಳಲಿ.

ಎರಡನೆಯ ಆಕ್ಷೇಪ: 'ಯಾವ ಮಾತ್ರೆಯಲ್ಲಿ ಅಫೀಮಿನ ಗುಣವಿದೆಯೆಂದು ಸಾರಿದರೆ ಹುಡುಗರು ಅದನ್ನೇ ಹುಡುಕಿಕೊಂಡು ಹೋಗುವುದಿಲ್ಲವೆ?' ಈ ಆತಂಕವೂ ನಿರಾಧಾರವಲ್ಲ. ಟ್ಯಾಪೆಂಟಡಾಲ್ ಮತ್ತು ಕ್ಯಾರಿಸೊಪ್ರಡಾಲ್ ಬೆರೆಸಿದ ಮಾತ್ರೆಗಳು ನಮ್ಮ ದೇಶದಿಂದ ಪಶ್ಚಿಮ ಆಫ್ರಿಕಕ್ಕೆ ಹೋಗಿ ಅಲ್ಲಿಯ ತರುಣರನ್ನು ಕೆಡಿಸುತ್ತಿವೆಯೆಂದು ಬಿಬಿಸಿ ವರದಿ ಮಾಡಿದ ಮೇಲೆ, 2025ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಆ ಬೆರಕೆಯ ತಯಾರಿಕೆ ಮತ್ತು ರಫ್ತುಗಳನ್ನು ನಿಷೇಧಿಸಿತು. ಆದರೆ ಯೋಚಿಸಿ ನೋಡಿ. ದುರ್ಬಳಕೆ ಮಾಡುವವನಿಗೆ ಈ ಹೆಸರುಗಳು ಈಗಾಗಲೇ ಬಾಯಿಪಾಠವಾಗಿವೆ. ಅವನಿಗೆ ಯಾವ ಪಾಠವೂ ಬೇಕಿಲ್ಲ. ತಿಳಿಯದಿರುವುದು ಸೊಂಟನೋವಿನ ಅಜ್ಜಿಗೆ, ಅವಳಿಗೆ ಮಾತ್ರೆ ಕೊಡುವ ಸೊಸೆಗೆ. ಕಳ್ಳನಿಗೆ ದಾರಿ ತಿಳಿದೀತೆಂದು ಊರಿನವರಿಗೆಲ್ಲ ದೀಪವಿಲ್ಲದಂತೆ ಮಾಡುವುದು ಯಾವ ನ್ಯಾಯ?

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ಯೋಜನೆಗಳು ಬೇಕಿಲ್ಲ. ವೈದ್ಯರು ಅಫೀಮಿನ ವರ್ಗದ ಮದ್ದನ್ನು ಬರೆದಾಗ, 'ಅಮ್ಮ, ಇದು ಬಲವಾದ ಮಾತ್ರೆ. ನಿದ್ದೆ ಬರುತ್ತೆ, ಮಲ ಗಟ್ಟಿಯಾಗುತ್ತೆ, ಹೆಚ್ಚಿಗೆ ತಗೋಬೇಡಿ' ಎಂದು ಒಂದು ಮಾತು ಹೇಳಲಿ. ಅಂಗಡಿಯವರು ಕಾಗದದ ಕವರಿನ ಮೇಲೆ ಹೊತ್ತುಗಳನ್ನು ಗುರುತುಮಾಡುವಾಗ ಟ್ರಮಡಾಲ್ ಎಂದೋ ಕೊಡೀನ್ ಎಂದೋ ಕನ್ನಡದಲ್ಲಿ ಒಂದು ಪದ ಬರೆಯಲಿ. ಸರಕಾರವು ರಾಜ್ಯಗಳ ಭಾಷೆಯಲ್ಲಿ ಮೂಲನಾಮ ಮುದ್ರಿಸುವುದನ್ನು, ಈ ವರ್ಗದ ಮದ್ದುಗಳಿಂದಲಾದರೂ, ಆರಂಭಿಸಲಿ.

ಅದುವರೆಗೆ ಕೆಲಸ ನಮ್ಮದು. ನಮ್ಮ ಕಾಲೇಜಿಗೆ ಹಳ್ಳಿಗಳಿಂದ ಬರುವ ಸಹಪಾಠಿಗಳಲ್ಲಿ ಅನೇಕರು ತಮ್ಮ ಮನೆಯಲ್ಲಿ ಇಂಗ್ಲಿಷ್ ಅಕ್ಷರವನ್ನು ಕೂಡಿಸಿ ಓದಬಲ್ಲ ಮೊದಲಿಗರು. ಈ ಭಾನುವಾರ ಮನೆಯ ಔಷಧದ ಡಬ್ಬಿಯನ್ನು ನೆಲಕ್ಕೆ ಸುರಿಯಿರಿ. ಒಂದೊಂದು ಶೀಟನ್ನೂ ತಿರುಗಿಸಿ ಮೂಲನಾಮವನ್ನು ಹುಡುಕಿ. ಹಳೆಯ ನೋಟುಪುಸ್ತಕದ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಯಿರಿ: ವ್ಯಾಪಾರನಾಮ, ಮೂಲನಾಮ, ಮಿಲಿಗ್ರಾಂ, ಯಾರಿಗೆ, ಯಾವಾಗ. ಒಂದೇ ಮೂಲನಾಮ ಎರಡು ಸಾಲುಗಳಲ್ಲಿ ಬಂದರೆ ಆ ಹಾಳೆಯನ್ನು ವೈದ್ಯರಿಗೆ ತೋರಿಸಿ. ಕೆಂಪು ಎನ್‌ಆರ್‌ಎಕ್ಸ್ ಇದ್ದರೆ ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಇಂತಹ ಮಾತ್ರೆಯನ್ನು ಹೆಂಡದೊಡನೆಯಾಗಲಿ ನಿದ್ದೆಮಾತ್ರೆಯೊಡನೆಯಾಗಲಿ ಸೇರಿಸಬಾರದು, ನೆರೆಮನೆಯವರಿಗೆ ಹಂಚಬಾರದು, ಬಹುದಿನ ತೆಗೆದುಕೊಂಡವರು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು ಎಂದು ತಿಳಿಸಿ. ಎಬ್ಬಿಸಿದರೂ ಏಳದ ನಿದ್ದೆ, ನಿಧಾನವಾದ ಉಸಿರು ಕಂಡರೆ ತಡಮಾಡದೆ 108ಕ್ಕೆ ಕರೆಮಾಡಿ, ತೆಗೆದುಕೊಂಡ ಮದ್ದಿನ ಮೂಲನಾಮವನ್ನು ಹೇಳಿ. ಅದಕ್ಕೆ ನಾಲಾಕ್ಸೋನ್ ಎಂಬ ಪ್ರತಿಮದ್ದುಂಟು, ಆದರೆ ವೈದ್ಯರಿಗೆ ಕುಲ ತಿಳಿದರಲ್ಲವೆ ಪ್ರತಿಮದ್ದು! ಯಾರ ಮನೆಯಲ್ಲಾದರೂ ಮಾರ್ಫಿನ್ ಬೀರುವಿನಲ್ಲಿ ಮುಚ್ಚಿಟ್ಟಿದ್ದರೆ, ಅದು ಮರಣದ ಚೀಟಿಯಲ್ಲವೆಂದು ಆ ಮನೆಯವರಿಗೆ ಮೆಲ್ಲನೆ ಹೇಳಿ, ಬರೆದ ವೈದ್ಯರೊಡನೆ ಮಾತಾಡುವಂತೆ ಮಾಡಿ.

ವಿದ್ಯೆಯ ಪ್ರಯೋಜನವನ್ನು ಕುರಿತು ನಮ್ಮ ವೇದಿಕೆಗಳಲ್ಲಿ ಭಾಷಣಗಳಿಗೆ ಕೊರತೆಯಿಲ್ಲ. ಮನೆಯವರು ನುಂಗುವ ಮದ್ದಿನ ಹೆಸರನ್ನು ಓದಿ ಹೇಳುವುದಕ್ಕಿಂತ ಹತ್ತಿರದ ಪ್ರಯೋಜನ ನನಗಂತೂ ತೋರುವುದಿಲ್ಲ. ಹೆಸರಿನಿಂದ ನೋವು ಹೋಗುವುದಿಲ್ಲ, ನಿಜ. ಆದರೆ ಹೆಸರು ತಿಳಿದವನಿಗೆ ಮದ್ದು ಮದ್ದಾಗಿಯೇ ಉಳಿಯುತ್ತದೆ. ತಿಳಿಯದವನಿಗೆ ಅದು ವಿಷವೂ ಆದೀತು, ಕೈಗೆಟುಕದ ಅಮೃತವೂ ಆದೀತು.